ಹೆಸರು ಕೊರೆಸಿದ ಯೆಜ್ಡಿ

ನನ್ನ ನಾದಿನಿ ಚೌಡವ್ವ ಯಾರನ್ನೂ ಕ್ಷಮಿಸಿದವಳಲ್ಲ. ಇದನ್ನು ನಾನು ದೂರಾಗಿ ಬರೆಯುತ್ತಿಲ್ಲ, ಹೊಗಳಿಕೆಯಾಗಿಯೇ ಬರೆಯುತ್ತಿದ್ದೇನೆ. ಕ್ಷಮೆ ದೊಡ್ಡ ಗುಣ ಎಂದು ಪುರಾಣ ಹೇಳುವವರು ಹೇಳುತ್ತಾರೆ. ಅವರಿಗೇನು, ಅವರನ್ನು ಯಾರೂ ಗಂಡನ ಮನೆಯಿಂದ ಪಾತ್ರೆಗಳ ಜೊತೆ ಟ್ರಂಕಿನ ಮೇಲೆ ಕೂರಿಸಿ ತವರಿಗೆ ಅಟ್ಟಿರುವುದಿಲ್ಲ. ಹಾವಿನ ಹಗೆ ಹನ್ನೆರಡು ವರ್ಷ ಎನ್ನುತ್ತಾರೆ. ಚೌಡವ್ವನನ್ನು ಕಂಡಿದ್ದರೆ ಹಾವೇ ನಾಚಿಕೊಳ್ಳುತ್ತಿತ್ತು.

ನಾನು ವಿದ್ಯಾಶ್ರೀ, ಅವಳ ತಮ್ಮನ ಹೆಂಡತಿ. ಗಜೇಂದ್ರಗಡದ ನೇಕಾರರ ಓಣಿಯ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಅವಳು ಆಗಲೇ ತವರಿಗೆ ಮರಳಿದ್ದಳು. ಪಡಸಾಲೆಯ ಎಡಗಡೆಯ ಕುಣಿಮಗ್ಗ ಅವಳದು. ಸೊಂಟದವರೆಗೆ ಕುಣಿಯಲ್ಲಿ ಇಳಿದು, ಕಾಲಡಿಯ ಹಲಗೆ ತುಳಿಯುತ್ತ ಬೆಳಗಿನಿಂದ ಸಂಜೆಯವರೆಗೆ ಸೀರೆ ನೇಯುತ್ತಿದ್ದಳು. ನೇಯುವಾಗ ಮಾತಾಡಿಸಬಾರದು ಎಂದು ಮೊದಲ ದಿನವೇ ನನಗೆ ಹೇಳಿದ್ದರು. ನೇಯದಿರುವಾಗಲೂ ಅವಳು ಅಷ್ಟೇನೂ ಮಾತಾಡುತ್ತಿರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಅವಳ ಕಥೆ ಶುರುವಾಗುವುದು ಒಂದು ಮೋಟಾರ್‌ಸೈಕಲ್ಲಿನಿಂದ. ರೋಣದ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟ ಮಹಾದೇವಪ್ಪನಿಗೆ ಅವಳನ್ನು ಕೊಟ್ಟರು. ನಮ್ಮವರೇ, ಆದರೆ ಮಗ್ಗ ಬಿಟ್ಟು ಗಾದಿಯ ಮೇಲೆ ಕೂತ ಮನೆತನ. ಮಗ್ಗ ಬಿಟ್ಟವರಿಗೆ ಮಗ್ಗದವರ ಮೇಲೆ ಇರುವ ಅಸಡ್ಡೆ ಪರದೇಶದವರಿಗೂ ಇರುವುದಿಲ್ಲ. ವರನಿಗೆ ಗಾಡಿ ಬೇಕು ಎಂದರು. ನನ್ನ ಮಾವ ಗುರುಸಂಗಪ್ಪ ಹೊಲ ಮನೆ ಇದ್ದ ಮನುಷ್ಯನಲ್ಲ. ಆದರೂ ಹೊಸದೊಂದು ಯೆಜ್ಡಿ ತಂದ. ಪೆಟ್ರೋಲ್ ಟಾಕಿಯ ಎರಡೂ ಬದಿಗೆ ಕನ್ನಡಿಯ ಹಾಗೆ ಹೊಳೆಯುವ ಕ್ರೋಮು, ಮುಖ ನೋಡಿಕೊಂಡು ಬೈತಲೆ ತೆಗೆಯಬಹುದಿತ್ತಂತೆ.

ಅಲ್ಲಿ ಮಾವ ಒಂದು ತಪ್ಪು ಮಾಡಿದ. ನಮ್ಮ ಕಡೆ ಮಗಳಿಗೆ ಕೊಡುವ ಕೊಡ, ತಂಬಿಗೆ, ಪರಾತಗಳ ಮೇಲೆ ಹೆಸರು ಕೊರೆಸದೆ ಕೊಡುವುದಿಲ್ಲ. ಕೊಟ್ಟವರು ಯಾರು, ಯಾರಿಗೆ ಕೊಟ್ಟರು ಎಂಬುದು ಪಾತ್ರೆಯ ಮೇಲೆ ಇರಬೇಕು. ಮದುವೆಗೆ ಮೊದಲು ಪಾತ್ರೆ ಅಂಗಡಿಯವನು ಗುಂಯ್ಯೆನ್ನುವ ಯಂತ್ರ ಹಿಡಿದು ಮನೆಗೆ ಬಂದು ಎಲ್ಲದರ ಮೇಲೂ ಕೊರೆದ. ಕೊನೆಗೆ ಮಾವ ಅಂಗಳದಲ್ಲಿ ನಿಂತಿದ್ದ ಗಾಡಿ ತೋರಿಸಿ, "ಇದರ ಮ್ಯಾಲೂ ಹಾಕಪಾ" ಅಂದ. ಅವನೂ ಹಿಂದೆ ಮುಂದೆ ನೋಡದೆ ಟಾಕಿಯ ಕ್ರೋಮಿನ ಮೇಲೆ ಕೊರೆದ: 'ಚಿ.ಸೌ. ಚೌಡವ್ವಗೆ ತಂದೆ ಗುರುಸಂಗಪ್ಪ ಕೊಟ್ಟದ್ದು, ಗಜೇಂದ್ರಗಡ.'

ಕ್ರೋಮಿಗೆ ಒಮ್ಮೆ ತೂತು ಬಿದ್ದರೆ ಮುಗಿಯಿತು, ಒಳಗೆ ನೀರು ಹೋಗಿ ತುಕ್ಕು ಏಳುತ್ತದೆ. ಒಂದೇ ಮಳೆಗಾಲದಲ್ಲಿ ಅಕ್ಷರಗಳೆಲ್ಲ ಕೆಂಪಾಗಿ ಎದ್ದು ಕಂಡವು. ಬಜಾರಿನ ಮಂದಿಗೆ ಇಷ್ಟು ಸಾಕಾಯಿತು. "ಏನ್ ಮಹಾದೇವಪ್ಪಾ, ಚೌಡವ್ವನ ಗಾಡಿ ತಗೊಂಡು ಎತ್ತಾಗ ಹೊಂಟಿ?" ಎಂದು ಕೇಳುವುದು, ನಗುವುದು. ಅವನು ಕುದಿದುಹೋದ. ಕುದಿದದ್ದನ್ನು ಬಜಾರಿನಲ್ಲಿ ಚೆಲ್ಲಲಾಗದೆ ಮನೆಯಲ್ಲಿ ಹೆಂಡತಿಯ ಮೇಲೆ ಚೆಲ್ಲಿದ.

ಎರಡು ವರ್ಷದೊಳಗೆ ಗಾಡಿ ರಾಜೂರಿನ ದಾರಿಯಲ್ಲಿ ಜಾಮಾಗಿ ನಿಂತಿತು. ಚಕ್ಕಡಿಯ ಮೇಲೆ ಹೇರಿಕೊಂಡು ತಂದರು. ಅದಾದ ಮೇಲೆ ಅವನು ಅಂಗಡಿಯಲ್ಲಿ ಒಂದು ಮಾತು ಕಟ್ಟಿದ. "ಗುರುಸಂಗಪ್ಪ ಕೊಟ್ಟ ಗಾಡಿ ಚಾಲೂ ಆಗಲಿಲ್ಲ, ಕೊಟ್ಟ ಮಗಳು ಹಡೀಲಿಲ್ಲ." ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತ ಹೇಳುವನು, ಅವರು ನಗುವರು. ಕೆಟ್ಟ ಮಾತಿಗೆ ಎತ್ತು ಬೇಡ, ಗಾಡಿ ಬೇಡ. ರೋಣದಿಂದ ನರಗುಂದಕ್ಕೆ, ನರಗುಂದದಿಂದ ನಮ್ಮೂರಿಗೆ ಆ ಮಾತು ತಾನೇ ನಡೆದುಕೊಂಡು ಬಂತು.

ಆಮೇಲೆ ಹಿರಿಯರನ್ನು ಕೂಡಿಸಿ ಸೋಡಚೀಟಿ ಮಾಡಿ ಸಂಬಂಧ ಹರಿದರು. ಹೆಸರು ಇರುವ ಸಾಮಾನೆಲ್ಲ ತವರಿಗೆ ಮರಳಬೇಕು ಎಂಬುದು ರೂಢಿ. ಒಂದೊಂದೇ ಪಾತ್ರೆ ಎತ್ತಿ ಹೆಸರು ಓದಿ ಈ ಕಡೆ ಇಟ್ಟರು. ಮಾವ, "ಗಾಡಿ ಮ್ಯಾಲೂ ಹೆಸರ ಐತ್ರಿ" ಅಂದ. ಮಹಾದೇವಪ್ಪ ಹಿಂದಿನ ದಿನವೇ ಕಾನಸು, ಅಂದರೆ ಅರ, ಹಾಕಿ ಅಕ್ಷರ ತಿಕ್ಕಿ ಮೇಲೆ ಕರಿಬಣ್ಣ ಬಳಿಸಿದ್ದ. ಹಿರಿಯರಲ್ಲೊಬ್ಬ, "ಗಾಡಿ ಏನ್ ಪಾತ್ರೇನೋ ಗುರುಸಂಗಪ್ಪಾ?" ಅಂದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನ್ಯಾಯ ಮುಗಿಯಿತು. ವರ್ಷ ತುಂಬುವುದರೊಳಗೆ ಮಹಾದೇವಪ್ಪ ಇಟಗಿಯ ಶಂಕ್ರವ್ವನನ್ನು ಮಾಡಿಕೊಂಡ.

ಚೌಡವ್ವ ಮಗ್ಗಕ್ಕೆ ಇಳಿದಳು. ಅವನ ಹೆಸರನ್ನು ಎಂದೂ ಬಾಯಿಗೆ ತರಲಿಲ್ಲ. ನಮ್ಮ ಕಡೆ ಗಂಡನ ಹೆಸರು ಹೆಂಡತಿ ಹೇಳುವುದಿಲ್ಲ. ನಾನೂ ಇಲ್ಲಿ ನಮ್ಮ ಮನೆಯವರ ಹೆಸರು ಬರೆಯುವುದಿಲ್ಲ, ನೋಡಿ. ಸೋಡಚೀಟಿಯಾದ ಮೇಲೂ ಅವಳಿಗೆ ಆ ರೂಢಿ ಬಿಡಲಿಲ್ಲ. 'ರೋಣದಾಂವ' ಎನ್ನುತ್ತಿದ್ದಳು, ಅಷ್ಟೆ. ಸಿಟ್ಟು ಆರಿದೆಯೆಂದು ನಾವೆಲ್ಲ ತಿಳಿದಿದ್ದೆವು.

ಮಾವನ ಕೊನೆಯನ್ನು ನಾನೇ ಕಂಡೆ. ನರಗುಂದದಲ್ಲಿ ನೂಲಿನ ಅಂಗಡಿಗೆ ಹೋದಾಗ ಯಾರೋ ಅಪರಿಚಿತ, ಎದುರಿಗಿರುವವನೇ ಗುರುಸಂಗಪ್ಪ ಎಂದು ತಿಳಿಯದೆ, ಆ ಮಾತನ್ನು ಅವನಿಗೇ ನಗೆಚಾಟಿಕೆಯಾಗಿ ಹೇಳಿದನಂತೆ. ಮುದುಕ ಮನೆಗೆ ಬಂದು ಊಟ ಮಾಡಲಿಲ್ಲ. ಮಗಳ ಮಗ್ಗದ ಅಂಚಿಗೆ ಕೂತು, "ನಾ ಚಲೋ ಗಾಡಿನ ಕೊಟ್ಟಿದ್ನೆವ್ವಾ" ಅಂದ. ಹಾಸಿಗೆ ಹಿಡಿದ ಮೇಲೂ ಬಂದವರಿಗೆಲ್ಲ ಅದೇ ಹೇಳುತ್ತಿದ್ದ. ಹೇಳುತ್ತಲೇ ಹೋದ.

ಇದಾಗಿ ಎಷ್ಟೋ ವರ್ಷ ಕಳೆದ ಮೇಲೆ, ಹೋದ ವರ್ಷ, ನರಗುಂದದಿಂದ ನಮಗೊಂದು ಫೋನು ಬಂತು. ರಮಜಾನಸಾಬ ಎಂಬ ಹಳೆಯ ಗಾಡಿಗಳ ಮಿಸ್ತ್ರಿ. ಗುಜರಿಯಿಂದ ಒಂದು ಸತ್ತ ಯೆಜ್ಡಿ ತಂದಿದ್ದನಂತೆ. ಟಾಕಿಯ ಬಣ್ಣ ಕೆರೆದಾಗ ಕೆಳಗೆ ಅಕ್ಷರ ಕಂಡಿವೆ. ನಮ್ಮೂರ ನೇಕಾರರೊಬ್ಬರನ್ನು ಕೇಳಿ ನಮ್ಮ ನಂಬರು ಹುಡುಕಿದ್ದ. "ನಿಮ್ಮ ಮನಿ ಹೆಸರಿನ ಗಾಡಿ ಬಂದೈತ್ರಿ. ಒಡದು ಸಾಮಾನ ಮಾರೂಕಿಂತ ಮೊದಲ ಒಂದ ಮಾತ ಕೇಳಬೇಕನಿಸ್ತು" ಅಂದ. ಮಹಾದೇವಪ್ಪ ಹಿತ್ತಲು ಕೆಡವಿ ಕಟ್ಟಿಸುವಾಗ, ಕೋಳಿ ಕೂರುತ್ತಿದ್ದ ಆ ಗಾಡಿಯನ್ನು ತಗಡಿನ ಜೊತೆ ತೂಕಕ್ಕೆ ಹಾಕಿದ್ದ.

ಚೌಡವ್ವ ಮಗ್ಗದಿಂದ ಎದ್ದು ಬಂದಳು. ಮರುದಿನ ಅವಳೂ ನಾನೂ ನರಗುಂದದ ಬಸ್ಸು ಹತ್ತಿದೆವು.

ಆ ಗಾಡಿ ನೋಡಿ ನನಗೆ ನಗು ಬಂತು. ಸೀಟಿಲ್ಲ, ದೀಪವಿಲ್ಲ, ಎಲ್ಲೆಲ್ಲೂ ಕೋಳಿ ಹಿಕ್ಕೆ. ರಮಜಾನಸಾಬ ನಮ್ಮ ಎದುರಿಗೇ ಇಂಜಿನ್ನಿನ ತಲೆ ಬಿಚ್ಚಿದ. ಪಿಸ್ಟನ್ ಒಳಗೆ ಕಚ್ಚಿಕೊಂಡು ಕೂತಿತ್ತು. ಎಣ್ಣೆ ಬಿಟ್ಟು ಕಾಯಿಸಿ ಬಡಿದು ಹೊರಗೆ ತೆಗೆದ. ಅದರ ಮೈತುಂಬ ಬೆಕ್ಕು ಪರಚಿದ ಹಾಗೆ ಗೀರು. ಅವನು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದ.

"ತಂಗೆವ್ವಾ, ಈ ಗಾಡಿಗೆ ಪೆಟ್ರೋಲಿನ ಜೋಡಿ ಎಣ್ಣಿ ಕಲಸಿ ಹಾಕಬೇಕು. ಇದಕ್ಕ ಎಣ್ಣಿ ಹಾಕಿಲ್ಲ. ಒಣಾ ಓಡಿಸ್ಯಾರ. ಇಂಜಿನ್ ಕೆಟ್ಟಿದ್ದಲ್ಲ, ಕೊಂದದ್ದು."

ಚೌಡವ್ವ ಆ ಗೀರುಗಳ ಮೇಲೆ ಬೆರಳಾಡಿಸಿದಳು. ಆಮೇಲೆ, "ಹೊಗಿ ಬರತೈತಿ, ಬಿಳೇ ಧೋತರಕ್ಕ ಮಸಿ ಹತ್ತತೈತಿ ಅಂತ ಕಡೀಕಡೀಗೆ ಎಣ್ಣಿ ಬ್ಯಾಡ ಅಂತಿದ್ದ ರೋಣದಾಂವ. ಪಂಪಿನಾಗ ಹೇಳೂದನ್ನ ನಾ ಹಿಂದ ಕುಂತ ಕೇಳೀನಿ" ಅಂದಳು. ಆ ಪಿಸ್ಟನ್ನನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ಇದು ಮದಲಿನಂಗ ಆಗಬೇಕು. ನಾನ ಹೊಡಕೊಂಡ ರೋಣಕ್ಕ ಹೋಗಬೇಕು. ಆ ಅಂಗಡಿ ಮುಂದ ನಿಲ್ಲಬೇಕು."

ಆರಿದ ಸಿಟ್ಟಲ್ಲ, ಬೂದಿ ಮುಚ್ಚಿದ ಕೆಂಡ ಎಂಬುದು ನನಗೆ ಆಗ ಗೊತ್ತಾಯಿತು. ನಾನು ಮನೆಗೆ ಬಂದು ಜಗಳ ತೆಗೆದೆ. ಮನೆಯ ಮೇಲ್ಛಾವಣಿ ಸೋರುತ್ತಿದೆ, ಫ್ರಿಜ್ ಎಂಬುದು ಬಂಧುಗಳ ಮನೆಯಲ್ಲಿ ಮಾತ್ರ ಕಂಡದ್ದು, ಇವಳಿಗೆ ಈ ವಯಸ್ಸಿನಲ್ಲಿ ಗುಜರಿ ಗಾಡಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದೆ. ಅವಳು, "ಮನಿ ರೊಕ್ಕ ಮುಟ್ಟಂಗಿಲ್ಲ ವಿದ್ಯಾ, ನೀ ನಿನ್ನ ಬಾಯಿ ಮುಟ್ಟಬ್ಯಾಡ" ಅಂದಳು.

ನಿಜಕ್ಕೂ ಮುಟ್ಟಲಿಲ್ಲ. ರಮಜಾನಸಾಬನ ಮಗಳು ಹುಸ್ನಾಳ ಮದುವೆ ಗೊತ್ತಾಗಿತ್ತು. ಮದುವೆಯ ಸೀರೆ ಚೌಡವ್ವ ನೇಯುವುದು, ಇಂಜಿನ್ ಕೆಲಸ ರಮಜಾನಸಾಬ ಮಾಡುವುದು ಎಂದು ಮಾತಾಯಿತು. ಹಗಲು ನೂಲು ಕೊಟ್ಟು ನೇಯಿಸುವ ಸಾವಕಾರನ ಸೀರೆ, ಸಂಜೆ ಗಾಡಿಯ ಸೀರೆ. ಹುಬ್ಬಳ್ಳಿಯ ಹಳೆಯ ಸಾಮಾನಿನವನೊಬ್ಬ ಪಿಸ್ಟನ್ ಕೊಟ್ಟು ಹೆಂಡತಿಗೆ ಸೀರೆ ಒಯ್ದ. ಟೈರುಗಳು ಯಾರೋ ಬಿಟ್ಟವು, ದೀಪ ಬೇರೆ ಯಾವುದೋ ಗಾಡಿಯದು. ಜಿಡ್ಡುಗಟ್ಟಿದ ಸೈಲೆನ್ಸರನ್ನು ನಮ್ಮ ಹಿತ್ತಲಲ್ಲಿ ಕುಳ್ಳಿನ ಬೆಂಕಿಗೆ ಹಾಕಿ ಒಳಗಿನ ಮಸಿ ಕಳೆದೆವು. ಮಾಳಿಗೆಯ ಮೇಲೆ ಒಣಗಿದ್ದ ನನ್ನ ಸಂಡಿಗೆಯೆಲ್ಲ ಹೊಗೆ ನಾತ ಹಿಡಿದವು. ಚಕ್ರದ ಕಡ್ಡಿಗಳನ್ನು ಹುಣಸೆಹಣ್ಣು, ಬೂದಿ ಹಾಕಿ ತಾಮ್ರದ ಹಂಡೆ ತಿಕ್ಕಿದ ಹಾಗೆ ತಿಕ್ಕಿದವಳು ನಾನೇ. ಜಗಳ ಆಡಿದವಳು ಕೆಲಸಕ್ಕೆ ಹೇಗೆ ಬಿದ್ದೆ ಎಂದರೆ ನನಗೂ ಗೊತ್ತಿಲ್ಲ. ಮಾವನ ಮುಖ ನೆನಪಾಗುತ್ತಿತ್ತು. ಕಾಗದಪತ್ರದ ಓಡಾಟವನ್ನು ನಮ್ಮ ಮನೆಯವರು ಗೊಣಗುತ್ತ ಮಾಡಿದರು.

ಗಾಡಿಯನ್ನು ತನಗೆ ಬೇಕಾದ ಹಾಗೆ ಅವಳು ತಿದ್ದಿಸಿದಳು. ಕಚ್ಚೆ ಹಾಕಿ ಕೂತರೆ ಕಾಲು ನೆಲಕ್ಕೆ ಮುಟ್ಟುವ ಹಾಗೆ ಸೀಟು ತಗ್ಗಿಸಿದರು. ಸೆರಗು ಚಕ್ರಕ್ಕೆ ಸಿಗದಂತೆ ಹಿಂದೆ ಜಾಳಿಗೆ ಕೂರಿಸಿದರು. ಬಣ್ಣಕ್ಕೆ ಅವಳು ಅಂಗಡಿಯವನ ಕೈಗೆ ದಾಳಿಂಬರಿ ಕೆಂಪಿನ ರೇಷ್ಮೆಯ ಎಳೆ ಕೊಟ್ಟು, "ಇದಕ್ಕಿಂತ ಒಂದ ಕೂದಲೆಳಿ ಹೆಚ್ಚ ಕಡಿಮಿ ಆದ್ರ ಒಲ್ಲೆ" ಅಂದಳು. ಉಳಿದ ನೂಲಿನಲ್ಲಿ ಸೀಟಿಗೆ ದಪ್ಪನೆಯ ಹೊದಿಕೆ ನೇಯ್ದು, ಅಂಚಿಗೆ ನಮ್ಮ ಸೀರೆಯ ಸೆರಗಿನಲ್ಲಿರುವ ತೋಪ ತೆನಿಯ ಸಾಲು ತೆಗೆದಳು. ಟಾಕಿಯ ಕ್ರೋಮು ಮತ್ತೆ ಮಾಡಿಸಲು ನಮ್ಮ ಕೈ ಹರಿಯುತ್ತಿರಲಿಲ್ಲ. ಅಕ್ಷರಗಳ ಮೇಲೆ ಕಾನಸಿನ ಗೀರುಗಳೂ ಹಾಗೇ ಇದ್ದವು. ಬಣ್ಣ ಹಚ್ಚಿ ಮುಚ್ಚಿಬಿಡೋಣ ಎಂದು ರಮಜಾನಸಾಬ ಅಂದ.

"ಬ್ಯಾಡ. ಕೊಟ್ಟಾಂವ ಯಾರು ಅನ್ನೂದೂ ಕಾಣಲಿ, ಕೆರದಾಂವ ಒಬ್ಬ ಅದಾನ ಅನ್ನೂದೂ ಕಾಣಲಿ."

ಗಾಡಿ ಹೊಡೆಯುವುದನ್ನು ನಮ್ಮೂರ ಹೊರಗಿನ ಬಯಲಲ್ಲಿ ಕಲಿತಳು. ಎರಡು ಸಲ ಬಿದ್ದಳು. ಮೂರನೆಯ ಸಲ ಬಿದ್ದವಳು ನಾನು, ಹಿಂದೆ ಕೂತಿದ್ದೆ. ಕಿಕ್ ಮಾತ್ರ ಅವಳಿಗೆ ಮೊದಲ ದಿನವೇ ಒಲಿಯಿತು. ಯೆಜ್ಡಿಯ ಕಿಕ್ ಗಟ್ಟಿ, ಸಿಟ್ಟಿನಿಂದ ಒದ್ದವನನ್ನು ತಿರುಗಿ ಒದೆಯುತ್ತದೆ. "ಒದೀಬಾರದು ತಂಗೆವ್ವಾ, ಬಿಗಿ ಹತ್ತುತನಕ ಮೆಲ್ಲಕ ಇಳಿಸಿ ಅಲ್ಲಿಂದ ತುಳೀಬೇಕು" ಎಂದು ರಮಜಾನಸಾಬ ಹೇಳುತ್ತಿದ್ದಂತೆ ಅವಳು ತುಳಿದು ಚಾಲೂ ಮಾಡಿಬಿಟ್ಟಿದ್ದಳು. ಆಯುಷ್ಯವೆಲ್ಲ ಮಗ್ಗದ ಕುಣಿಯಲ್ಲಿ ಅವಳು ಬೇರೇನು ಮಾಡಿದ್ದಳು? ಲೈಸನ್ಸ್ ಕೊಡುವ ಸಾಹೇಬ ಅವಳ ಕಚ್ಚೆ ನೋಡಿ, ಗಾಡಿ ನೋಡಿ, ಅವಳು ಎಂಟರ ಆಕಾರದಲ್ಲಿ ಹೊಡೆದು ತೋರಿಸಿದ ಮೇಲೆ ಸಹಿ ಹಾಕಿದ.

ರೋಣದ ಸಂತೆಯ ದಿನವೇ ಹೊರಟೆವು. ಹಿಂದೆ ನಾನು, ನನ್ನ ತೊಡೆಯ ಮೇಲಿನ ಚೀಲದಲ್ಲಿ ಸುಟ್ಟ ಪಿಸ್ಟನ್. ದಾರಿಯಲ್ಲಿ ಒಮ್ಮೆ ಅವಳು, "ಶಂಕ್ರವ್ವ ಹೊರಗ ಬಂದ್ರ ಆಕಿಗೂ ಒಂದ ಮಾತ ಇಟ್ಟೀನಿ" ಅಂದಳು. ಏನು ಮಾತು ಎಂದು ನಾನು ಕೇಳಲಿಲ್ಲ, ಕೇಳಿದ್ದರೆ ಅವಳು ಹಿಂದೆ ತಿರುಗಿ ಇಬ್ಬರೂ ಬೀಳುತ್ತಿದ್ದೆವು.

ಬಜಾರಿನಲ್ಲಿ ಯೆಜ್ಡಿಯ ಸದ್ದಿಗೆ ಜನ ತಿರುಗಿದರು. ಆ ಸದ್ದು ಮರೆತಿದ್ದವರಿಗೂ ನೆನಪಾಯಿತು. ಅವಳು ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಬಂದ್ ಮಾಡಿದಳು. ಮಹಾದೇವಪ್ಪ ಗಾದಿಯ ಮೇಲೆ ಇದ್ದ. ಕೂದಲು ಪೂರಾ ಬೆಳ್ಳಗಾಗಿತ್ತು, ಧೋತರ ಇನ್ನೂ ಬೆಳ್ಳಗಿತ್ತು. ಚೌಡವ್ವ ಮೆಟ್ಟಿಲ ಕೆಳಗೆ ನಿಂತು ಅವನ ಹೆಸರು ಹಿಡಿದು ಕರೆದಳು.

"ಮಹಾದೇವಪ್ಪಾ."

ಬಜಾರಿನಲ್ಲಿ ಅಷ್ಟೊಂದು ಮಂದಿಯ ನಡುವೆ ನನಗೇ ಮೈ ಜುಮ್ಮೆಂದಿತು. ಅವಳು ಪಿಸ್ಟನ್ನನ್ನು ಅವನ ಗಾದಿಯ ಬಿಳಿ ಹಾಸಿನ ಮೇಲೆ ಇಟ್ಟಳು. ಕರಿ ಮಸಿ ಹತ್ತಿತು. "ಇದು ನಿಂದು. ನಮ್ಮಪ್ಪ ಕೊಟ್ಟ ಗಾಡಿ ಯಾಕ ಚಾಲೂ ಆಗಲಿಲ್ಲ ಅಂತ ಇದರ ಮ್ಯಾಲ ಬರದೈತಿ. ಓದು."

ಅವನು ಮುಟ್ಟಲಿಲ್ಲ. ಸಂತೆಗೆ ಬಂದವನೊಬ್ಬ ಎತ್ತಿ ನೋಡಿದ. ಅವನ ಕೈಯಿಂದ ಇನ್ನೊಬ್ಬನ ಕೈಗೆ ಹೋಯಿತು. ನಮ್ಮ ಕಡೆಯ ಗಂಡಸರಿಗೆ ಹಳೆಯ ಗಾಡಿಗಳ ಹೊಟ್ಟೆನೋವು ಗೊತ್ತಿಲ್ಲದ್ದಲ್ಲ. "ಎಣ್ಣೀನ ಹಾಕಿಲ್ಲಪಾ ಇದಕ್ಕ" ಎಂದು ಒಬ್ಬ. "ಒಣಾ ಹೊಡದಾನ" ಎಂದು ಇನ್ನೊಬ್ಬ. ಎಲ್ಲರೂ ಮಹಾದೇವಪ್ಪನ ಕಡೆ ನೋಡಿದರು.

ಅವನು ಎದ್ದು ಬಂದ. "ಯಾರ್ಯಾರದೋ ಸಾಮಾನ ತಂದ ತೋರಸಬ್ಯಾಡ. ಇಲ್ಲಿತನಕ ಹ್ಯಾಂಗೋ ಬಂದೈತಿ. ಹೊಳ್ಳಿ ಚಾಲೂ ಆದ್ರ ಹೇಳು."

"ಬಾ, ನೀನ ಮಾಡು."

ಮಂದಿಯ ಎದುರಿಗೆ ಹಿಂದೆ ಸರಿಯಲು ಆಗಲಿಲ್ಲ. ಧೋತರ ಎತ್ತಿ ಕಟ್ಟಿ ಕಿಕ್ಕನ್ನು ಒದ್ದ. ಮತ್ತೆ ಒದ್ದ. ಇನ್ನೊಮ್ಮೆ ಜೋರಾಗಿ ಒದ್ದಾಗ ಅದು ತಿರುಗಿ ಮೊಣಕಾಲಿನ ಕೆಳಗೆ ಬಡಿಯಿತು. ಕುಂಟುತ್ತ ಹಿಂದೆ ಸರಿದವನನ್ನು ನೋಡಿ ಜನ ನಕ್ಕರು. ಚೌಡವ್ವ ನಗಲಿಲ್ಲ. ಆದರೆ ಆ ನಗು ಅವಳ ಮೈಯೆಲ್ಲ ಹರಿದದ್ದನ್ನು ನಾನು ಬಲ್ಲೆ, ಪಕ್ಕದಲ್ಲೇ ಇದ್ದೆ. ನನಗೂ ಹೊಟ್ಟೆ ತಣ್ಣಗಾಯಿತು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅವನು ಬಜಾರಿನಲ್ಲಿ ಬೆಳೆದ ಮನುಷ್ಯ, ಹೋದ ನಗುವನ್ನು ಹೇಗೆ ಎಳೆದುಕೊಳ್ಳಬೇಕೆಂದು ಬಲ್ಲ. ಕಾಲು ತಿಕ್ಕಿಕೊಳ್ಳುತ್ತ ಜನರ ಕಡೆ ತಿರುಗಿದ. "ಆತ್ರಿಪಾ, ಗಾಡಿ ತಪ್ಪ ನಂದು. ಒಪ್ಪಿದೆ. ಇನ್ನೊಂದಕ್ಕ ಏನಂತಾಳ ಕೇಳ್ರಿ. ಹಡೀಲಿಲ್ಲಲ್ಲ, ಅದಕ್ಕೂ ಒಂದ ಪಿಸ್ಟನ್ ತಂದಾಳೇನ ಕೇಳ್ರಿ."

ಜನ ಮತ್ತೆ ನಕ್ಕರು. ಈಗಷ್ಟೇ ಅವನನ್ನು ನೋಡಿ ನಕ್ಕ ಅದೇ ಬಾಯಿಗಳು. ಚೌಡವ್ವನ ಮುಖದಿಂದ ರಕ್ತ ಇಳಿದುಹೋಯಿತು. ತಿಂಗಳುಗಟ್ಟಲೆ ಕೂಡಿಸಿ ಕಟ್ಟಿದ್ದು ಅರ್ಧ ಮಾತಿಗೆ ಮಾತ್ರ ಉತ್ತರ. ನನಗೆ ಸಿಟ್ಟು ನೆತ್ತಿಗೇರಿತು. ನಾಲಗೆ ನನಗೆ ಬೇಕಾದಾಗ ಯಾವತ್ತೂ ಸಿಗುವುದಿಲ್ಲ.

ಆಗ ಅಂಗಡಿಯ ಒಳಬಾಗಿಲ ಪರದೆ ಸರಿಯಿತು. ಶಂಕ್ರವ್ವ. ತಲೆಯ ಮೇಲೆ ಸೆರಗು, ಕೈಯಲ್ಲಿ ಗಂಡನಿಗೆ ತಂದ ಚಹಾದ ಬಟ್ಟಲು. ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದಳೋ. ಬಟ್ಟಲನ್ನು ಗಾದಿಯ ಅಂಚಿಗೆ ಇಟ್ಟಳು. ದನಿ ಏರಿಸಲಿಲ್ಲ.

"ನಾನೂ ಹಡೀಲಿಲ್ಲಲ್ರಿ" ಅಂದಳು. "ನಮ್ಮಪ್ಪ ಯಾವ ಗಾಡಿ ಕೊಟ್ಟಿದ್ದ?"

ಯಾರೂ ನಗಲಿಲ್ಲ. ಅವಳಿಗೆ ಮಕ್ಕಳಿಲ್ಲ ಎಂಬುದು ಆ ಬಜಾರಿನ ಕಲ್ಲಿಗೂ ಗೊತ್ತಿದ್ದ ಸಂಗತಿ. ಭೀಮವ್ವನ ಗುಡಿಗೆ ಅವಳು ಹೊತ್ತ ಹರಕೆ, ದವಾಖಾನೆಗೆ ಅಲೆದ ಅಲೆದಾಟ ಎಲ್ಲವೂ ಗೊತ್ತು. ಆದರೂ ಇಷ್ಟು ವರ್ಷ ಇದನ್ನು ಚೌಡವ್ವನ ಮೇಲಿನ ಮಾತಿನ ಪಕ್ಕದಲ್ಲಿ ಇಟ್ಟು ನೋಡಿದವರು ಒಬ್ಬರೂ ಇರಲಿಲ್ಲ. ಪಿಸ್ಟನ್ ಹಿಡಿದಿದ್ದವನು ಅದನ್ನು ಎಲ್ಲಿ ಇಡುವುದೆಂದು ತಿಳಿಯದೆ ಮೆಟ್ಟಿಲ ಮೇಲೆ ಇಟ್ಟು ಸಂತೆಯ ಕಡೆ ನಡೆದ. ಒಬ್ಬೊಬ್ಬರೇ ಕರಗಿದರು. ಮಹಾದೇವಪ್ಪ ಹೆಂಡತಿಯ ಕಡೆ ತಿರುಗಿ ಕೈ ಎತ್ತಿದ. ಅವಳು ಸರಿಯಲಿಲ್ಲ. ಎತ್ತಿದ ಕೈಯನ್ನು ಅವನೇ ಇಳಿಸಿದ.

ಚೌಡವ್ವ ಶಂಕ್ರವ್ವನನ್ನು ನೋಡುತ್ತ ನಿಂತಿದ್ದಳು. ಅವಳಿಗೆಂದು ದಾರಿಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಆಡಲಿಲ್ಲ. ಅದೇ ಮಾತನ್ನು ಶಂಕ್ರವ್ವನೇ ತನ್ನ ಮೇಲೆ ಆಡಿಕೊಂಡಿದ್ದಳಲ್ಲ. "ಬರ್ತೇನವ್ವಾ" ಎಂದಷ್ಟೇ ಅಂದಳು. ಶಂಕ್ರವ್ವ ತಲೆ ಆಡಿಸಿದಳು. ಗಾಡಿ ಒಂದೇ ತುಳಿತಕ್ಕೆ ಚಾಲೂ ಆಯಿತು.

ಮಹಾದೇವಪ್ಪ ಕಟ್ಟಿದ ಆ ಮಾತನ್ನು ರೋಣದಲ್ಲಿ ಈಗ ಯಾರೂ ಆಡುವುದಿಲ್ಲವಂತೆ. ನರಗುಂದದಲ್ಲೂ ನಿಂತಿದೆ ಎಂದು ರಮಜಾನಸಾಬ ಹೇಳಿದ. ಅಂದು ವಾಪಸು ಬರುವಾಗ ಅವಳು ಊರಿನ ಹೊರಗೆ ಹೊಲದ ಬದುವಿನ ಹತ್ತಿರ ಗಾಡಿ ನಿಲ್ಲಿಸಿದಳು. ಇಳಿಯಲಿಲ್ಲ. ಎರಡೂ ಕೈ ಹ್ಯಾಂಡಲ್ಲಿನ ಮೇಲೇ ಇದ್ದವು. ನಾನು ಹಿಂದಿನಿಂದ, "ಸಮಾಧಾನ ಆತೇನ್ರಿ ಅಕ್ಕಾರ?" ಎಂದು ಕೇಳಿದೆ.

"ಇಲ್ಲ" ಅಂದಳು. "ಆಕಿ ಅಂದದ್ದನ್ನ ಅಪ್ಪ ಇದ್ದಾಗ ಒಬ್ಬರರ ಅಂದಿದ್ರ."

ಕಣ್ಣು ಒರೆಸಿಕೊಂಡಳೋ ಧೂಳು ಒರೆಸಿಕೊಂಡಳೋ ಹಿಂದೆ ಕೂತ ನನಗೆ ಕಾಣಲಿಲ್ಲ. ಮನೆಗೆ ಬಂದು ಸೀರೆ ಬದಲಿಸಿ, ಸಂಜೆಯಾಗುವ ಮೊದಲೇ ಮಗ್ಗಕ್ಕೆ ಇಳಿದಳು.